ಬೊಜ್ಜು ಸಿರಿತನದ ಗುರುತಲ್ಲ

ಊರು ಬಿಡುವಾಗ ಕಡ್ಡಿಯಂತಿದ್ದ ಹುಡುಗ ಹತ್ತು ವರ್ಷ ಹೋಟೆಲಿನಲ್ಲಿ ದುಡಿದು ಜಾತ್ರೆಗೆ ಮರಳಿದರೆ, ನೆರೆಕರೆಯವರು ಮೊದಲು ನೋಡುವುದು ಅವನ ಹೊಟ್ಟೆಯನ್ನು. ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದರೆ "ಪರವಾಗಿಲ್ಲ, ಮಾಣಿ ಬೆಜವಾಡದಲ್ಲಿ ಸುಖವಾಗಿದ್ದಾನೆ" ಎಂದು ಸಮಾಧಾನಪಡುತ್ತಾರೆ. ತಾಯಿಗೆ ಹಿಗ್ಗು, ಹೆಣ್ಣು ಕೊಡುವವರಿಗೂ ಧೈರ್ಯ. ಹಸಿವನ್ನು ಕಣ್ಣಾರೆ ಕಂಡ ಜನ ಹಾಗೆ ಎಣಿಸಿದರೆ ಅವರನ್ನು ದೂರುವಂತಿಲ್ಲ. ಗಂಜಿಗೂ ಗತಿಯಿಲ್ಲದ ಕಾಲದಲ್ಲಿ ಮೈ ತುಂಬಿಕೊಂಡವನೇ ಭಾಗ್ಯವಂತನಾಗಿದ್ದ.

ಆದರೆ ಆ ಕಾಲ ಹೋಯಿತು. ಇಂದು ಆ ಹೊಟ್ಟೆ ಸುಖದ ಗುರುತಲ್ಲ, ದುಡಿಮೆಯ ಗಾಯ. ಕಾವಲಿಯ ಮುಂದೆ ಕೈ ಸುಟ್ಟುಕೊಂಡರೆ ಅದು ಕೆಲಸದಿಂದ ಬಂದ ಗಾಯವೆಂದು ಎಲ್ಲರೂ ಒಪ್ಪುತ್ತಾರೆ. ಅದೇ ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತು, ಹೊತ್ತಲ್ಲದ ಹೊತ್ತಿಗೆ ಉಂಡು, ಅರೆನಿದ್ದೆ ಮಾಡಿ ಬೆಳೆದ ಬೊಜ್ಜನ್ನು ಮಾತ್ರ "ತಿಂದು ಕೊಬ್ಬಿದ್ದಾನೆ" ಎಂದು ನಗುತ್ತಾರೆ. ಈ ನಗೆ ನಿಲ್ಲಬೇಕು. ಬೊಜ್ಜು ಎಂದರೇನು, ಅದು ಎಲ್ಲಿಂದ ಬರುತ್ತದೆ, ಮೈಗೆ ಏನು ಮಾಡುತ್ತದೆ, ಅದಕ್ಕೆ ನಾವೇನು ಮಾಡಬಹುದು ಎಂಬುದನ್ನು ಕಾರ್ಮಿಕ ಬಾಂಧವರು ತಿಳಿದುಕೊಳ್ಳಬೇಕೆಂದೇ ಈ ಸಲದ ಸಂಪಾದಕೀಯವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಕನ್ನಡಿಗ ಹೋಟೆಲು ಕೆಲಸಗಾರರು ಈ ಕಡೆಗೆ ಬಂದದ್ದು ನಿನ್ನೆ ಮೊನ್ನೆಯ ಸಂಗತಿಯಲ್ಲ. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟುವ ತನಕ ವಿಜಯವಾಡ, ವಿಶಾಖಪಟ್ಟಣಗಳೂ ನಮ್ಮ ದಕ್ಷಿಣ ಕನ್ನಡವೂ ಒಂದೇ ಮದರಾಸು ಆಡಳಿತದಲ್ಲಿದ್ದವು. ಉಡುಪಿಯ ಕಡೆಯವರು ಮದರಾಸಿನಲ್ಲಿ ಹೋಟೆಲು ತೆರೆದರು. ಅಲ್ಲಿಂದ ರೈಲುದಾರಿ ಹಿಡಿದು ಉತ್ತರದ ಪಟ್ಟಣಗಳಿಗೂ ಬಂದರು. ಇಂದಿಗೂ ಇಲ್ಲಿನ ತೆಲುಗರು ಬೆಳಿಗ್ಗೆ ಮೊಸರು ಮೈದಾ ಕಲಸಿ ಕರಿದ ಬಜ್ಜಿ ತಿನ್ನುವಾಗ ಅದನ್ನು "ಮೈಸೂರು ಬಜ್ಜಿ" ಎಂದೇ ಕರೆಯುತ್ತಾರೆ. ನಮ್ಮ ಮಂಗಳೂರಿನ ಗೋಳಿಬಜೆಯನ್ನು ಬಲ್ಲವರಿಗೆ ಅದರ ನೆಂಟಸ್ತನ ಹೇಳಿಕೊಡಬೇಕಾಗಿಲ್ಲ. ಊರಿಗೆ ತಿಂಡಿ ಬಡಿಸುವವರು ನಾವು. ಬಡಿಸಿ ಉಳಿದದ್ದನ್ನು ಉಣ್ಣುವವರೂ ನಾವೇ. ನಮ್ಮ ಕತೆ ಶುರುವಾಗುವುದು ಅಲ್ಲಿಂದ.

ಮೊದಲು ಲೆಕ್ಕವನ್ನು ನೋಡೋಣ. ೨೦೧೯ರಿಂದ ೨೦೨೧ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಇಡೀ ದೇಶದಲ್ಲಿ ಹೆಂಗಸರಲ್ಲಿ ಶೇಕಡಾ ೨೪.೦ ಮಂದಿಗೆ, ಗಂಡಸರಲ್ಲಿ ಶೇಕಡಾ ೨೨.೯ ಮಂದಿಗೆ ಮಿತಿಮೀರಿದ ತೂಕವಿತ್ತು. ಆಂಧ್ರ ಪ್ರದೇಶದಲ್ಲಿ ಅದೇ ಲೆಕ್ಕ ಹೆಂಗಸರಿಗೆ ೩೬.೩, ಗಂಡಸರಿಗೆ ೩೧.೧. ಕರ್ನಾಟಕದಲ್ಲಿ ೩೦.೧ ಮತ್ತು ೩೦.೯. ಅಂದರೆ ಬಿಟ್ಟು ಬಂದ ನಾಡಿನಲ್ಲಿಯೂ ಬಂದು ಸೇರಿದ ನಾಡಿನಲ್ಲಿಯೂ ಹತ್ತರಲ್ಲಿ ಮೂವರಿಗೆ ಈ ತೊಂದರೆ ಇದೆ. ಹತ್ತರಲ್ಲಿ ಮೂವರು ಸಿರಿವಂತರೇ? ನಮ್ಮ ಕಣ್ಣಿಗಂತೂ ಅಷ್ಟು ಸಿರಿವಂತರು ಎರಡೂ ಕಡೆ ಕಾಣಲಿಲ್ಲ. ಬೊಜ್ಜು ಬಡವನ ಮನೆಗೆ ಬಂದು ಬಹಳ ದಿನಗಳಾದವು.

ತೂಕ ಮಿತಿಮೀರಿತೆಂದು ಹೇಳುವುದು ಹೇಗೆ? ವೈದ್ಯರು ಒಂದು ಸುಲಭ ಲೆಕ್ಕ ಇಟ್ಟಿದ್ದಾರೆ. ಕಿಲೋ ಲೆಕ್ಕದ ತೂಕವನ್ನು ಮೀಟರು ಲೆಕ್ಕದ ಎತ್ತರದಿಂದ ಒಮ್ಮೆ ಭಾಗಿಸಿ, ಬಂದದ್ದನ್ನು ಅದೇ ಎತ್ತರದಿಂದ ಇನ್ನೊಮ್ಮೆ ಭಾಗಿಸಬೇಕು. ಲೋಕದ ಲೆಕ್ಕದಲ್ಲಿ ಉತ್ತರ ೨೫ ದಾಟಿದರೆ ತೂಕ ಹೆಚ್ಚು, ೩೦ ದಾಟಿದರೆ ಬೊಜ್ಜು. ಆದರೆ ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲಿಯೇ ಕಾಯಿಲೆ ಹಿಡಿಯುವುದರಿಂದ, ಭಾರತದ ವೈದ್ಯರು ೨೩ನ್ನೇ ಎಚ್ಚರಿಕೆಯ ಗೆರೆಯಾಗಿ, ೨೫ನ್ನು ಬೊಜ್ಜಿನ ಗೆರೆಯಾಗಿ ಇಟ್ಟುಕೊಂಡಿದ್ದಾರೆ. ೧೬೫ ಸೆಂಟಿಮೀಟರು ಎತ್ತರದ ಆಳಿಗೆ ಎಚ್ಚರಿಕೆಯ ಗೆರೆ ಬರುವುದು ಸುಮಾರು ೬೩ ಕಿಲೋದಲ್ಲಿ. ಬೊಜ್ಜಿನ ಗೆರೆ ೬೮ ಕಿಲೋದಲ್ಲಿ. "ನಾನೇನು ದಪ್ಪವಿಲ್ಲ" ಎನ್ನುವ ಎಷ್ಟೋ ಮಂದಿ ಈ ಗೆರೆಯ ಆಚೆಗಿದ್ದಾರೆ.

ಭಾಗಾಕಾರ ಬೇಡವೆನ್ನುವವರಿಗೆ ದರ್ಜಿಯ ಟೇಪು ಸಾಕು. ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ, ಪಕ್ಕೆಲುಬಿನ ಕೆಳಗೂ ಸೊಂಟದ ಮೂಳೆಯ ಮೇಲೂ ನಡುವೆ ಬರುವ ಜಾಗದಲ್ಲಿ ಟೇಪು ಸುತ್ತಬೇಕು. ಗಂಡಸರಿಗೆ ೯೦ ಸೆಂಟಿಮೀಟರು, ಅಂದರೆ ಮೂವತ್ತೈದೂವರೆ ಇಂಚು. ಹೆಂಗಸರಿಗೆ ೮೦ ಸೆಂಟಿಮೀಟರು, ಅಂದರೆ ಮೂವತ್ತೊಂದೂವರೆ ಇಂಚು. ಅದಕ್ಕಿಂತ ಹೆಚ್ಚಾದರೆ ಡಾಕ್ಟರರನ್ನು ಕಾಣುವ ಕಾಲ ಬಂದಿದೆ ಎಂದರ್ಥ. ನಿಜವಾಗಿ ನೋಡಿದರೆ ನಮ್ಮವರಿಗೆ ತೂಕದ ಯಂತ್ರಕ್ಕಿಂತ ಈ ಟೇಪೇ ಹೆಚ್ಚು ಸತ್ಯ ಹೇಳುತ್ತದೆ.

ಏಕೆಂದರೆ ಕೊಬ್ಬು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ. ತೊಡೆಯಲ್ಲಿ, ತೋಳಿನಲ್ಲಿ, ಚರ್ಮದ ಕೆಳಗೆ ಕೂತ ಕೊಬ್ಬು ಹೆಚ್ಚು ಕೇಡು ಮಾಡುವುದಿಲ್ಲ. ಹೊಟ್ಟೆಯ ಒಳಗೆ, ಕರುಳನ್ನೂ ಯಕೃತ್ತನ್ನೂ ಸುತ್ತಿಕೊಂಡು ಕೂತ ಕೊಬ್ಬು ಸುಮ್ಮನಿರುವುದಿಲ್ಲ. ಅದು ಕೊಬ್ಬಿನ ಅಂಶವನ್ನು ಸದಾ ರಕ್ತಕ್ಕೆ ಬಿಡುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಸಕ್ಕರೆಯನ್ನು ಮಾಂಸಖಂಡಗಳಿಗೆ ಸೇರಿಸುವ ಇನ್ಸುಲಿನ್ ಎಂಬ ರಸದ ಮಾತನ್ನು ಮೈ ಕೇಳದಂತಾಗುತ್ತದೆ. ಆಗ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಸುರಿಸಿ ಸುರಿಸಿ ಸೋತ ದಿನ ಸಕ್ಕರೆ ಕಾಯಿಲೆ ಹೊರಬೀಳುತ್ತದೆ. ಅಷ್ಟರಲ್ಲಿ ರಕ್ತನಾಳಗಳು ಪೆಡಸಾಗಿರುತ್ತವೆ, ಬಿ.ಪಿ. ಏರಿರುತ್ತದೆ. ಇದೆಲ್ಲ ನೋವಿಲ್ಲದೆ, ಸದ್ದಿಲ್ಲದೆ, ಹತ್ತು ಹದಿನೈದು ವರ್ಷ ನಡೆಯುವ ಕೆಲಸ.

ಇನ್ನೊಂದು ಸಂಗತಿ ನಮ್ಮವರಿಗೆ ವಿಶೇಷವಾಗಿ ತಿಳಿದಿರಬೇಕು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ತಮ್ಮ ಬಿಳಿಯ ಮಿತ್ರ ಡಾ. ಜಾನ್ ಯಡ್ಕಿನ್ನರ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಒಂದು ಚಿತ್ರವನ್ನು ೨೦೦೪ರಲ್ಲಿ ವೈದ್ಯರ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರ ತೂಕದ ಲೆಕ್ಕದಲ್ಲಿ ಇಬ್ಬರೂ ಸಮ, ಇಬ್ಬರಿಗೂ ೨೨.೩. ಆದರೆ ಮೈಯ ಕೊಬ್ಬನ್ನು ಅಳೆದರೆ ಬಿಳಿಯರಲ್ಲಿ ಶೇಕಡಾ ೯.೧, ನಮ್ಮ ಡಾಕ್ಟರರಲ್ಲಿ ಶೇಕಡಾ ೨೧.೨! ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. ಇದು ಭಾರತೀಯ ಮೈಯ ಗುಣ ಎಂದು ಅವರು ತೋರಿಸಿಕೊಟ್ಟರು. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಎಷ್ಟು ಜನ ನಮ್ಮ ಹೋಟೆಲುಗಳಲ್ಲಿಲ್ಲ?

ಇದರ ಬೇರು ತಾಯಿಯ ಹಸಿವಿನಲ್ಲಿದೆ ಎಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ ಹೇಳಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವ ಆ ಜಾಗದಲ್ಲಿ, ೧೯೩೪ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಹಾಗೆ ಹುಟ್ಟಿ ದೊಡ್ಡವರಾದ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿ ೧೯೯೬ರಲ್ಲಿ ಪ್ರಕಟಿಸಿದ ವರದಿಯಂತೆ, ಹುಟ್ಟುವಾಗ ಸಣ್ಣಗಿದ್ದವರಲ್ಲಿಯೇ ಮುಂದೆ ಹೃದಯದ ಕಾಯಿಲೆ ಹೆಚ್ಚು; ಅವರ ತಾಯಂದಿರ ತೂಕವೂ ಕಡಿಮೆ ಇದ್ದಷ್ಟು ಅಪಾಯ ಹೆಚ್ಚು. ಬಸಿರಿನಲ್ಲಿ ಅರೆಹೊಟ್ಟೆಯಿದ್ದ ಕೂಸಿನ ಮೈ ಮುಂದಿನ ಬರಗಾಲಕ್ಕೆಂದು ಕೂಡಿಡಲು ಕಲಿತುಬಿಡುತ್ತದೆ. ಆ ಕೂಸು ಬೆಳೆದು, ಎಣ್ಣೆ ಸಕ್ಕರೆಗಳ ನಡುವೆ ಕೆಲಸಕ್ಕೆ ನಿಂತರೆ, ಬರಗಾಲಕ್ಕೆ ಕಲಿತ ಪಾಠವೇ ಅವನಿಗೆ ಮುಳುವಾಗುತ್ತದೆ. ಆದುದರಿಂದ ಬಡತನದಲ್ಲಿ ಹುಟ್ಟಿ ಹೋಟೆಲು ಸೇರಿದವನಿಗೆ ಈ ಅಪಾಯ ಇಮ್ಮಡಿ. ಇದನ್ನು ಬಾಯಿಚಪಲವೆಂದು ಹೇಳಿ ಕೈತೊಳೆದುಕೊಳ್ಳುವವರು ಮೈಸೂರಿನ ಆ ಲೆಕ್ಕವನ್ನು ಒಮ್ಮೆ ಓದಲಿ.

ಇನ್ನು ದುಡಿಮೆಯ ಬಗೆ. ಈ ಬಗ್ಗೆ ಜಗತ್ತಿನಲ್ಲಿ ಕಣ್ಣು ತೆರೆಸಿದ ದೊಡ್ಡ ಶೋಧನೆ ನಡೆದದ್ದು ಕಾರ್ಮಿಕರ ನಡುವೆಯೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರು ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರು ಟಿಕೆಟು ಕೊಡುತ್ತ ದಿನಕ್ಕೆ ನೂರಾರು ಮೆಟ್ಟಲು ಹತ್ತಿಳಿಯುತ್ತಿದ್ದ. ಇಬ್ಬರದೂ ಒಂದೇ ಕಂಪೆನಿ, ಒಂದೇ ಬಸ್ಸು. ಡಾ. ಜೆರ್ರಿ ಮಾರಿಸ್ ಎಂಬವರು ೧೯೫೩ರಲ್ಲಿ ತೋರಿಸಿದ್ದೇನೆಂದರೆ, ಡ್ರೈವರಿಗೆ ಹೃದಯಾಘಾತ ಹೆಚ್ಚು, ಕಂಡಕ್ಟರಿಗೆ ಕಡಿಮೆ. ೧೯೫೬ರಲ್ಲಿ ಅವರು ಬಸ್ಸಿನವರ ಸಮವಸ್ತ್ರದ ಲೆಕ್ಕವನ್ನೇ ತೆಗೆದು ನೋಡಿದರು. ಡ್ರೈವರುಗಳ ಷರಾಯಿಯ ಸೊಂಟ ಕಂಡಕ್ಟರುಗಳದಕ್ಕಿಂತ ದೊಡ್ಡದು! ಅಷ್ಟೇ ಅಲ್ಲ, ತೆಳ್ಳಗಿದ್ದ ಡ್ರೈವರಿಗೂ ಅಪಾಯ ತಪ್ಪಿರಲಿಲ್ಲ. ಕೂತು ಮಾಡುವ ಕೆಲಸ ತಾನೇ ಒಂದು ಕೇಡು.

ಈ ಲಂಡನ್ ಬಸ್ಸನ್ನು ನಮ್ಮ ಹೋಟೆಲಿಗೆ ಹೋಲಿಸಿ ನೋಡಿ. ಟೇಬಲ್ಲಿನಿಂದ ಟೇಬಲ್ಲಿಗೆ ಓಡುವ ಸಪ್ಲಾಯರು ನಮ್ಮ ಕಂಡಕ್ಟರು. ಗಲ್ಲಾದಲ್ಲಿ ಕೂತವರು ಡ್ರೈವರು. ನಡುವೆ ಅಡಿಗೆಮನೆಯ ಭಟ್ಟರಿದ್ದಾರೆ. ಅವರು ಕೂರುವುದೂ ಇಲ್ಲ, ನಡೆಯುವುದೂ ಇಲ್ಲ. ಬೆಂಕಿಯ ಮುಂದೆ ಎರಡಡಿ ಜಾಗದಲ್ಲಿ ಕಂಬದಂತೆ ನಿಂತಿರುತ್ತಾರೆ. ಹಿಂದೆ ಹಿಟ್ಟು ರುಬ್ಬಲು ಕಲ್ಲಿತ್ತು, ನೀರು ಸೇದಲು ಬಾವಿಯಿತ್ತು, ಸೌದೆ ಒಡೆಯಬೇಕಿತ್ತು. ಆ ಕಷ್ಟ ಮರಳಿ ಬರಲೆಂದು ಯಾರೂ ಬಯಸುವುದಿಲ್ಲ. ಗ್ರೈಂಡರು ಬಂದದ್ದು ಒಳ್ಳೆಯದೇ. ಆದರೆ ಮೈಯ ಕೆಲಸ ಕಡಿಮೆಯಾಯಿತು, ದುಡಿಮೆಯ ಗಂಟೆ ಕಡಿಮೆಯಾಗಲಿಲ್ಲ, ಊಟದ ರೀತಿ ಸುಧಾರಿಸಲಿಲ್ಲ. ಯಂತ್ರ ಉಳಿಸಿಕೊಟ್ಟ ಹೊತ್ತು ಕೆಲಸಗಾರನ ಪಾಲಿಗೆ ಬರಲೇ ಇಲ್ಲ.

ಊಟದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳೋಣ. ಹೊರಗಿನವರಿಗೆ "ಹೋಟೆಲಿನವನಿಗೆ ಊಟಕ್ಕೇನು ಕಡಿಮೆ" ಎಂದು ಅನ್ನಿಸುತ್ತದೆ. ಒಳಗಿದ್ದವರಿಗೆ ಗೊತ್ತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹೊತ್ತಿಸಿದವನಿಗೆ ತಿಂಡಿ ಸಿಗುವುದು ಗಿರಾಕಿಗಳ ಗದ್ದಲ ಇಳಿದ ಹನ್ನೊಂದು ಗಂಟೆಗೆ. ಅಲ್ಲಿಯ ತನಕ ಚಹ, ಮತ್ತೊಂದು ಚಹ, ಇನ್ನೊಂದು ಚಹ. ತಿಂಡಿಯೆಂದರೆ ಉಳಿದ ಪೂರಿ, ತಣ್ಣಗಾದ ಬಜ್ಜಿ, ಒಡೆದ ದೋಸೆ. ಮಧ್ಯಾಹ್ನದ ಊಟ ನಾಲ್ಕಕ್ಕೆ: ಗುಡ್ಡೆ ಬಿಳಿ ಅನ್ನ, ಮೇಲೆ ತಿಳಿಸಾರು, ಪಲ್ಯ ಮುಗಿದಿರುತ್ತದೆ, ಮೊಸರು ಗಿರಾಕಿಗೆ. ರಾತ್ರಿಯೂಟ ಬಾಗಿಲು ಹಾಕಿದ ಮೇಲೆ, ಹನ್ನೊಂದರ ಹೊತ್ತಿಗೆ; ಉಂಡ ಕೈ ಒಣಗುವ ಮೊದಲೇ ಚಾಪೆ. ಅಕ್ಕಿ, ಮೈದಾ, ಎಣ್ಣೆ, ಸಕ್ಕರೆ ನಮಗೆ ಬೇಕಾದಷ್ಟು. ತರಕಾರಿ, ಬೇಳೆ, ಹಣ್ಣು ನಮಗಿಲ್ಲ. ಹೊಟ್ಟೆ ತುಂಬಿಯೂ ಮೈ ಬಡವಾಗುವುದು ಹೀಗೆ.

ಇದು ನಮ್ಮೊಬ್ಬರ ಪಾಡಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ದೊಡ್ಡ ಸಮೀಕ್ಷೆಯೊಂದು ೨೦೨೫ರಲ್ಲಿ ಹೇಳಿದಂತೆ, ನಮ್ಮ ದೇಶದವರ ಊಟದ ಶಕ್ತಿಯಲ್ಲಿ ಶೇಕಡಾ ೬೨ರಷ್ಟು ಬರುವುದು ಅನ್ನ, ಹಿಟ್ಟು, ಸಕ್ಕರೆಗಳಿಂದಲೇ. ಅದೇ ಸಮೀಕ್ಷೆ ೨೦೨೩ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು ೧೦ ಕೋಟಿ ೧೦ ಲಕ್ಷ. ಹೊಟ್ಟೆಯ ಬೊಜ್ಜಿನವರು ಸುಮಾರು ೩೫ ಕೋಟಿ.

ಚಹದ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಲೋಟಕ್ಕೆ ಎರಡು ಚಮಚ, ಅಂದರೆ ಹತ್ತು ಗ್ರಾಂ ಸಕ್ಕರೆ. ದಿನಕ್ಕೆ ಎಂಟು ಲೋಟ ಕುಡಿಯುವವರು ನಮ್ಮಲ್ಲಿ ವಿರಳವಲ್ಲ. ಎಂಬತ್ತು ಗ್ರಾಂ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ೨೦೨೪ರಲ್ಲಿ ಕೊಟ್ಟ ಸೂಚನೆಯಂತೆ ದಿನಕ್ಕೆ ಇಪ್ಪತ್ತೈದು ಗ್ರಾಂ ಮೀರಬಾರದು. ಎಂಬತ್ತು ಗ್ರಾಂ ಸಕ್ಕರೆಯಿಂದ ಬರುವ ಶಕ್ತಿ ೩೨೦ ಕ್ಯಾಲರಿ. ಇದನ್ನು ಕರಗಿಸಲು ಒಂದು ಗಂಟೆಗಿಂತ ಹೆಚ್ಚು ಬಿರುಸಾಗಿ ನಡೆಯಬೇಕು. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು ೭,೭೦೦ ಕ್ಯಾಲರಿ. ದಿನದಿನದ ಚಿಲ್ಲರೆ ಸೇರಿ ವರ್ಷದ ಗಂಟು ಹೇಗಾಗುತ್ತದೆಂದು ಗಲ್ಲಾ ಲೆಕ್ಕ ಬರೆದವರಿಗೆ ನಾವು ಹೇಳಬೇಕಾಗಿಲ್ಲ. ಎಣ್ಣೆಯ ಲೆಕ್ಕ ಇದಕ್ಕಿಂತ ಬಿಗಿ. ಒಂದು ದೊಡ್ಡ ಚಮಚ ಎಣ್ಣೆಗೆ ೧೨೦ ಕ್ಯಾಲರಿ. ಹಬೆಯಲ್ಲಿ ಬೆಂದ ಇಡ್ಲಿಗೂ ಬಾಣಲೆಯಿಂದೆತ್ತಿದ ಪೂರಿಗೂ ಇರುವ ಅಂತರ ಇದೇ.

ನಿದ್ದೆಯ ಮಾತು ಇನ್ನೂ ಮುಖ್ಯ. ನಿದ್ದೆಗೆಟ್ಟ ಮೈಯಲ್ಲಿ ಹಸಿವನ್ನು ಕೆರಳಿಸುವ ರಸ ಹೆಚ್ಚುತ್ತದೆ, ಸಾಕೆನ್ನಿಸುವ ರಸ ಇಳಿಯುತ್ತದೆ. ಐದು ಗಂಟೆ ಮಲಗಿ ಎದ್ದವನಿಗೆ ಸಿಹಿ ಬೇಕು, ಕರಿದದ್ದು ಬೇಕು ಎನ್ನಿಸುವುದು ನಾಲಗೆಯ ದೋಷವಲ್ಲ, ನಿದ್ದೆಯ ಸಾಲ. ಬೆಳಿಗ್ಗೆ ಆರು ಗಂಟೆ, ಸಂಜೆ ಆರು ಗಂಟೆ ಎಂದು ದಿನವನ್ನು ಎರಡು ತುಂಡು ಮಾಡಿ ದುಡಿಸುವ ಹೋಟೆಲುಗಳಲ್ಲಿ ಕೆಲಸಗಾರನಿಗೆ ನೆಟ್ಟಗೆ ಏಳು ಗಂಟೆ ನಿದ್ದೆ ಬರುವುದಾದರೂ ಎಂತು? ವಿಶಾಖಪಟ್ಟಣದ ಬೀಚ್ ರೋಡಿನಲ್ಲಿ ಬೆಳಗಿನ ಹೊತ್ತು ವಾಹನ ನಿಲ್ಲಿಸಿ ನಡೆಯುವವರಿಗೆ ದಾರಿ ಬಿಡುತ್ತಾರೆ. ಒಳ್ಳೆಯ ಏರ್ಪಾಡು. ಊರಿನ ಜನ ಕಡಲಗಾಳಿಯಲ್ಲಿ ನಡೆದು ಬೆವರಿಳಿಸಿ, ನಮ್ಮ ಹೋಟೆಲಿಗೆ ಬಂದು ಇಡ್ಲಿ ತಿನ್ನುತ್ತಾರೆ. ಆ ಹೊತ್ತಿಗೆ ಇಡ್ಲಿ ಬೇಯಿಸುವವನು ಒಲೆಯ ಮುಂದೆ ನಿಂತಿರಬೇಕು. ಅವನಿಗೆ ಬೀಚ್ ರೋಡು ತೆರೆಯುವುದು ಎಂದು?

ಇದರ ಫಲವೇನು? ಸಕ್ಕರೆ ಕಾಯಿಲೆ, ಬಿ.ಪಿ., ಹೃದಯಾಘಾತ, ಪಾರ್ಶ್ವವಾಯು, ಇವು ಎಲ್ಲರೂ ಕೇಳಿದ ಹೆಸರುಗಳು. ಇವಲ್ಲದೆ ಇನ್ನೂ ಇವೆ. ಮೈಭಾರಕ್ಕೆ ಮೊಣಕಾಲಿನ ಕೀಲು ಸವೆಯುತ್ತದೆ. ನಿಂತು ದುಡಿಯುವವನಿಗೆ ಮೊಣಕಾಲು ಹೋಯಿತೆಂದರೆ ಅನ್ನ ಹೋಯಿತೆಂದೇ ಅರ್ಥ. ಯಕೃತ್ತಿನಲ್ಲಿ ಕೊಬ್ಬು ತುಂಬಿ, ಹೆಂಡ ಮುಟ್ಟದವನಿಗೂ ಹೆಂಡಗುಡುಕನ ಯಕೃತ್ತು ಬರುತ್ತದೆ. ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಹೋಗುವ ಒಂದು ಕಾಯಿಲೆಯಿದೆ. ಅಂಥವನು ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುತ್ತಾನೆ, ಕುದಿಯುವ ಎಣ್ಣೆಯ ಮುಂದೆ ತೂಕಡಿಸುತ್ತಾನೆ. ಸೋಮಾರಿಯೆಂದು ಬೈಸಿಕೊಳ್ಳುವ ಮೊದಲು ಅವನನ್ನು ಡಾಕ್ಟರರಿಗೆ ತೋರಿಸಬೇಕು. ಹದಿಮೂರು ಬಗೆಯ ಕ್ಯಾನ್ಸರಿಗೂ ಬೊಜ್ಜಿಗೂ ಸಂಬಂಧವಿದೆಯೆಂದು ೨೦೧೬ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿತು.

ಹೆಂಗಸರ ಮಾತನ್ನು ಬೇರೆಯಾಗಿ ಹೇಳಬೇಕು. ಆಂಧ್ರದ ಲೆಕ್ಕದಲ್ಲಿ ಗಂಡಸರಿಗಿಂತ ಅವರೇ ಮುಂದೆ ಇದ್ದಾರೆ. ಒಂದೇ ಕೋಣೆಯ ಬಾಡಿಗೆ ಮನೆ, ತಿರುಗಾಡಲು ಜಾಗವಿಲ್ಲ. ಗಂಡ ಬರುವ ತನಕ ಉಣ್ಣದೆ ಕಾಯುವ ರೂಢಿ. ಮಕ್ಕಳು ಬಿಟ್ಟದ್ದು ಹಾಳಾಗಬಾರದೆಂದು ತಾನು ಉಣ್ಣುವ ಅಭ್ಯಾಸ. ಹೆರಿಗೆಯ ಮೇಲೆ ಬಂದ ತೂಕ ಹಾಗೆಯೇ ನಿಲ್ಲುವುದು. ಬೊಜ್ಜಿನಿಂದ ಮುಟ್ಟಿನ ಏರುಪೇರು, ಬಸಿರು ನಿಲ್ಲದಿರುವುದು, ಬಸಿರಿನಲ್ಲಿ ಸಕ್ಕರೆ, ಇವೆಲ್ಲ ಬರುತ್ತವೆ. ಆಗ ಹೆಣ್ಣನ್ನು ದೂರುವವರು ಬಹಳ, ಡಾಕ್ಟರರಿಗೆ ತೋರಿಸುವವರು ಕಡಿಮೆ. ಸಂಘದ ಸಭೆಗೆ ಬರುವ ಅಣ್ಣಂದಿರು ಮುಂದಿನ ಸಲ ಅಕ್ಕತಂಗಿಯರನ್ನೂ ಕರೆತರಬೇಕು. ಟೇಪಿನ ಅಳತೆ ಅವರಿಗೂ ಬೇಕು.

ಹಾಗಾದರೆ ದಾರಿ? ಮೊದಲು ನಮ್ಮ ಕೈಯಲ್ಲಿರುವುದನ್ನು ಹೇಳುತ್ತೇವೆ. ಬೊಜ್ಜು ಒಂದೇ ದಿನದಲ್ಲಿ ಬಂದದ್ದಲ್ಲ, ಒಂದೇ ದಿನದಲ್ಲಿ ಹೋಗುವುದೂ ಇಲ್ಲ. ಉಪವಾಸ ಬಿದ್ದು ಹತ್ತು ಕಿಲೋ ಇಳಿಸುವ ಹಟ ಬೇಡ. ೮೦ ಕಿಲೋದವನು ನಾಲ್ಕರಿಂದ ಎಂಟು ಕಿಲೋ ಇಳಿಸಿದರೂ ಬಿ.ಪಿ., ಸಕ್ಕರೆ ಎರಡೂ ಹಿಡಿತಕ್ಕೆ ಬರಲು ಸಹಾಯವಾಗುತ್ತದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ೫೩೧ ಮಂದಿಯನ್ನು ಆರಿಸಿಕೊಂಡು, ಕೆಲವರಿಗೆ ನಡಿಗೆಯನ್ನೂ ಊಟದ ಹಿಡಿತವನ್ನೂ ಕಲಿಸಿದರು. ೨೦೦೬ರಲ್ಲಿ ಬಂದ ಅವರ ವರದಿಯಂತೆ ಅಂಥವರಲ್ಲಿ ಕಾಯಿಲೆ ಹಿಡಿಯುವುದು ಶೇಕಡಾ ೨೮.೫ರಷ್ಟು ತಗ್ಗಿತು. ಸೋಜಿಗವೇನೆಂದರೆ, ಅವರ ತೂಕವೇನೂ ಹೆಚ್ಚು ಇಳಿದಿರಲಿಲ್ಲ. ಯಂತ್ರದ ಮುಳ್ಳು ಅಲುಗಲಿಲ್ಲವೆಂದು ನಡಿಗೆ ಬಿಡುವವರು ಇದನ್ನು ನೆನಪಿಡಬೇಕು.

ಆದುದರಿಂದ ಈ ನಾಲ್ಕು ಮಾತು. ಚಹದ ಸಕ್ಕರೆಯನ್ನು ಈ ವಾರ ಅರ್ಧ ಮಾಡಿ, ಮುಂದಿನ ತಿಂಗಳು ಲೋಟಗಳನ್ನು ಅರ್ಧ ಮಾಡಿ. ನಡುವೆ ಬಾಯಾರಿದರೆ ನೀರು, ಇಲ್ಲವೆ ನೀರು ಮಜ್ಜಿಗೆ. ಕರಿದದ್ದು ಉಳಿಯಿತೆಂದು ಹೊಟ್ಟೆಯನ್ನು ಉಗ್ರಾಣ ಮಾಡಬೇಡಿ. ತಟ್ಟೆಯಲ್ಲಿ ಅನ್ನವನ್ನು ಒಂದು ಸೌಟು ಕಡಿಮೆ ಮಾಡಿ ಬೇಳೆ, ಕಾಳು, ತರಕಾರಿ ಹೆಚ್ಚಿಸಿ. ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು ಇದೆ. ಊರಿನ ಕುಚ್ಚಿಗೆ ಅಕ್ಕಿಯೂ ಹುರುಳಿಯೂ ನಾಚಿಕೆಯ ವಸ್ತುಗಳಲ್ಲ. ಮಧ್ಯಾಹ್ನದ ಬಿಡುವಿನಲ್ಲಿಯೋ ವಾರದ ರಜೆಯಲ್ಲಿಯೋ ದಿನಕ್ಕೆ ಅರ್ಧ ಗಂಟೆಯಂತೆ ಸರಾಸರಿ ಬರುವ ಹಾಗೆ ಬಿರುಸಾಗಿ ನಡೆಯಿರಿ.

ಪುಡಿ, ಲೇಹ್ಯ, ಬೆಲ್ಟುಗಳನ್ನು ಮಾರುವವರ ಮಾತಿಗೆ ಸಂಬಳ ಸುರಿಯಬೇಡಿ. ೨೦೨೫ರಲ್ಲಿ ನಮ್ಮ ದೇಶಕ್ಕೂ ಬೊಜ್ಜಿಳಿಸುವ ಚುಚ್ಚುಮದ್ದುಗಳು ಬಂದವು. ಅವು ಸುಳ್ಳಲ್ಲ, ನಿಜವಾದ ಔಷಧಗಳೇ. ಆದರೆ ಡಾಕ್ಟರರು ನೋಡಿ ಕೊಡಬೇಕಾದವು, ಗೆಳೆಯ ಹೇಳಿದನೆಂದು ತೆಗೆದುಕೊಳ್ಳುವಂಥವಲ್ಲ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆಗಳನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆಯಾಗಿ ನೋಡುತ್ತಾರೆ. ತೆಲುಗಿನಲ್ಲಿ ಬೊಜ್ಜಿಗೆ "ಊಬಕಾಯಂ" ಎನ್ನುತ್ತಾರೆ. ಆ ಪದದ ಫಲಕ ಕಂಡರೆ ನಮಗಲ್ಲವೆಂದು ಮುಂದೆ ಹೋಗಬೇಡಿ. ಭಾಷೆ ಬಾರದೆಂದು ಹಿಂಜರಿಯುವುದೂ ಬೇಡ. ಹೊಟ್ಟೆಗೆ ಅವರು "ಬೊಜ್ಜ" ಎನ್ನುತ್ತಾರೆ, ನಾವು ಕೊಬ್ಬಿಗೆ "ಬೊಜ್ಜು" ಎನ್ನುತ್ತೇವೆ. ಅಷ್ಟು ಹತ್ತಿರದ ಮಾತು.

ಆದರೆ ಕೆಲಸಗಾರನೊಬ್ಬನೇ ಮಾಡಬಹುದಾದದ್ದು ಅರ್ಧ ಮಾತ್ರ. "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆ ನಿಜ. ಊಟದ ಹೊತ್ತೂ ತಟ್ಟೆಯೂ ತನ್ನ ಕೈಯಲ್ಲಿಲ್ಲದವನು ಊಟ ಬಲ್ಲವನಾಗುವುದು ಹೇಗೆ? ಆದುದರಿಂದ ಹೋಟೆಲು ಧನಿಗಳ ಮುಂದೆ ನಮ್ಮ ಬೇಡಿಕೆಗಳನ್ನು ಇಡುತ್ತೇವೆ. ಕೆಲಸಗಾರರಿಗೆ ಗೊತ್ತಾದ ಹೊತ್ತಿಗೆ, ಕೂತು, ಅರ್ಧ ಗಂಟೆಯ ಬಿಡುವಿನಲ್ಲಿ ಊಟ ಕೊಡಬೇಕು. ಆ ಊಟ ಉಳಿಕೆಯಲ್ಲ, ಅವರಿಗೆಂದೇ ಮಾಡಿದ ಬೇಳೆ, ಪಲ್ಯ, ಮಜ್ಜಿಗೆಯ ಊಟವಾಗಿರಬೇಕು. ಮಲಗುವ ಜಾಗ ಒಲೆಯ ಕಾವಿನಿಂದ ದೂರವಿರಬೇಕು. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಏಳು ಗಂಟೆ ನಿದ್ದೆಗೆ ಸಾಲುವಷ್ಟು ಬಿಡುವಿರಬೇಕು. ವಾರದ ರಜೆ ಕಾಗದದ ಮೇಲಲ್ಲ, ಕೈಗೆ ಸಿಗಬೇಕು.

ಇದು ಧನಿಗಳ ವಿರುದ್ಧ ಹೇಳುವ ಮಾತಲ್ಲ. ಅವರಲ್ಲಿ ಅನೇಕರು ನಮ್ಮಂತೆಯೇ ಕಪ್ಪುಬಸಿ ತೊಳೆದು ಮೇಲೆ ಬಂದವರು. ಗಲ್ಲಾದಲ್ಲಿ ಕೂತ ಅವರ ಹೊಟ್ಟೆಗೂ ಇದೇ ಟೇಪು, ಇದೇ ಅಪಾಯ. ಒಳ್ಳೆಯ ಭಟ್ಟರೊಬ್ಬರು ಐವತ್ತಕ್ಕೆ ಮಂಚ ಹಿಡಿದರೆ ಹೋಟೆಲಿಗೆ ಆಗುವ ನಷ್ಟ ಒಂದು ಸೌಟು ಪಲ್ಯದ ಖರ್ಚಿಗಿಂತ ಎಷ್ಟು ದೊಡ್ಡದೆಂದು ಅವರೇ ಲೆಕ್ಕ ಹಾಕಲಿ.

ಇ.ಎಸ್.ಐ. ವಿಷಯ ಬಿಡುವಂತಿಲ್ಲ. ೨೦೧೯ರ ಜುಲೈ ೧ರಿಂದ ಇದಕ್ಕೆ ಕೆಲಸಗಾರನ ಪಾಲು ಸಂಬಳದ ಶೇಕಡಾ ೦.೭೫, ಧನಿಯ ಪಾಲು ಶೇಕಡಾ ೩.೨೫. ಹತ್ತು ಜನ ದುಡಿಯುವ ಹೋಟೆಲು ಇದರ ವ್ಯಾಪ್ತಿಗೆ ಬರುತ್ತದೆ. ಕಾರ್ಡು ಇದ್ದವನಿಗೆ, ಅವನ ಹೆಂಡತಿ ಮಕ್ಕಳಿಗೆ ಔಷಧೋಪಚಾರ ಉಂಟು. ಕಾಯಿಲೆ ಬಿದ್ದ ದಿನಗಳಿಗೆ ವರ್ಷಕ್ಕೆ ೯೧ ದಿನಗಳ ತನಕ ಸಂಬಳದ ಶೇಕಡಾ ೭೦ ಉಂಟು. ಎರಡೂ ಊರುಗಳಲ್ಲಿ ಇ.ಎಸ್.ಐ. ಆಸ್ಪತ್ರೆಗಳಿವೆ. ಆದರೂ ಹದಿನೈದು ಜನ ದುಡಿಯುವಲ್ಲಿ ಎಂಟೇ ಹೆಸರು ಬರೆಯುವ ಚಾಳಿ ನಿಂತಿಲ್ಲ. ಪುಸ್ತಕದಲ್ಲಿ ಹೆಸರಿಲ್ಲದವನ ಬಿ.ಪಿ. ಯಾರ ಲೆಕ್ಕಕ್ಕೂ ಬರುವುದಿಲ್ಲ. ಪ್ರತಿಯೊಬ್ಬ ಸದಸ್ಯನೂ ತನ್ನ ಹೆಸರು ಬರೆದಿದೆಯೇ ಎಂದು ಕೇಳಲಿ; ಕೇಳಲು ಅಂಜಿದರೆ ಸಂಘಕ್ಕೆ ತಿಳಿಸಲಿ.

ಸರಕಾರಕ್ಕೂ ಒಂದು ಮಾತು. ೨೦೨೫ರ ಜೂನ್ ತಿಂಗಳಲ್ಲಿ ಆಂಧ್ರ ಪ್ರದೇಶದ ಮಂತ್ರಿಮಂಡಲ ದಿನದ ದುಡಿಮೆಯ ಮಿತಿಯನ್ನು ಹತ್ತು ಗಂಟೆಗೆ ಏರಿಸಲು ಒಪ್ಪಿತು. ಕಾರ್ಮಿಕ ಸಂಘಗಳು ಆಗಲೇ ವಿರೋಧಿಸಿದವು. ಅದೇ ವರ್ಷದ ನವೆಂಬರ್ ೨೧ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ಹೇಳುವಾಗ, ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆ ಎಂದು ಕೇಂದ್ರ ಸರಕಾರ ಸಾರಿತು. ಒಂದು ಕೈಯಿಂದ ನಿದ್ದೆಯ ಹೊತ್ತನ್ನು ಕಿತ್ತು, ಇನ್ನೊಂದು ಕೈಯಿಂದ ಬಿ.ಪಿ. ನೋಡಿದರೆ ಏನು ಬಂತು? ತಪಾಸಣೆ ಬರಲಿ, ಸಂತೋಷ. ಅದು ಸಣ್ಣ ಹೋಟೆಲಿನ ಅಡಿಗೆಮನೆಯ ತನಕ ಬರಲಿ. ಅದರ ಜೊತೆಗೆ ಎಂಟು ಗಂಟೆಯ ದುಡಿಮೆಯೂ ಮರಳಿ ಬರಲಿ. ನಲವತ್ತಕ್ಕೆ ಕಾಯುವುದೂ ಸರಿಯಲ್ಲ; ಹದಿನೆಂಟಕ್ಕೆ ಕೆಲಸಕ್ಕೆ ಸೇರಿದವನ ಹೊಟ್ಟೆ ಮೂವತ್ತಕ್ಕೇ ಮುಂದೆ ಬಂದಿರುತ್ತದೆ.

ಸಂಘದ ಕಡೆಯಿಂದ ಆಗಬೇಕಾದದ್ದನ್ನೂ ಹೇಳಿ ಮುಗಿಸುತ್ತೇವೆ. ವಿಜಯವಾಡದಲ್ಲಿಯೂ ವಿಶಾಖಪಟ್ಟಣದಲ್ಲಿಯೂ ನಮ್ಮವರು ಸೇರುವ ಜಾಗದಲ್ಲಿ ಒಂದು ತೂಕದ ಯಂತ್ರ, ಒಂದು ಟೇಪು, ಒಂದು ಪುಸ್ತಕ ಇಡಬೇಕು. ಮೂರು ತಿಂಗಳಿಗೊಮ್ಮೆ ಸದಸ್ಯರು ಬಂದು ಅಳತೆ ಬರೆಸಲಿ. ಗೆರೆ ದಾಟಿದವರನ್ನು ಜೊತೆಗೂಡಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊಣೆಯನ್ನು ಓದಲು ಬರೆಯಲು ಬಲ್ಲ ತರುಣರು ಹೊರಲಿ. ಅಳತೆಯ ದಿನ ಯಾರನ್ನೂ ಡುಮ್ಮನೆಂದು, ಡೊಳ್ಳುಹೊಟ್ಟೆಯವನೆಂದು ಯಾರೂ ನಗಕೂಡದು. ನಾಚಿಕೆಯಿಂದ ಒಬ್ಬನ ತೂಕವೂ ಇಳಿದದ್ದಿಲ್ಲ, ನಾಚಿಕೆಯಿಂದ ಡಾಕ್ಟರರ ಹತ್ತಿರ ಹೋಗದೆ ಉಳಿದವರು ಬಹಳ. ಆ ಪುಸ್ತಕ ತುಂಬಿದ ದಿನ ಅದನ್ನು ಹಿಡಿದುಕೊಂಡು ಧನಿಗಳ ಮುಂದೆಯೂ ಕಾರ್ಮಿಕ ಇಲಾಖೆಯ ಮುಂದೆಯೂ ನಿಲ್ಲಬಹುದು. ಬಾಯಿಮಾತಿನ ದೂರಿಗಿಂತ ಅಳತೆಯ ಲೆಕ್ಕಕ್ಕೆ ಬಲ ಹೆಚ್ಚು.

ಕಾರ್ಮಿಕ ಬಾಂಧವರೇ, ನಮಗೆ ಇರುವ ಬಂಡವಾಳ ಈ ಮೈಯೊಂದೇ. ಧನಿಯ ಕಾವಲಿ ಸವೆದರೆ ಹೊಸದು ಬರುತ್ತದೆ, ಗ್ರೈಂಡರು ಕೆಟ್ಟರೆ ರಿಪೇರಿಯಾಗುತ್ತದೆ. ನಮ್ಮ ಎದೆ, ನಮ್ಮ ಮೊಣಕಾಲು ಕೆಟ್ಟರೆ ಊರಿನಲ್ಲಿ ಮನಿಯಾರ್ಡರಿನ ದಾರಿ ನೋಡುತ್ತಿದ್ದ ಕಾಲದಿಂದ ಇಂದಿನ ಫೋನಿನ ಹಣದ ಕಾಲದ ತನಕ ನಮ್ಮನ್ನೇ ನಂಬಿದ ಮನೆಗಳಿಗೆ ಬೇರೆ ಗತಿಯಿಲ್ಲ. ಆ ಬಂಡವಾಳವನ್ನು ಕಾಯ್ದುಕೊಳ್ಳುವುದೂ ಸಂಘದ ಕೆಲಸವೇ. ಸಂಬಳದ ಹೋರಾಟಕ್ಕೆ ಸೇರಿದ ಹಾಗೆ ಈ ಕೆಲಸಕ್ಕೂ ಸೇರಿರಿ. ಈ ಭಾನುವಾರ ಮೊದಲು ಟೇಪು ತನ್ನಿ.